ವಾಲ್ವ್ ರೇಡಿಯೊಗೆ ಹಳ್ಳಿಮನೆಯೇ ಸರಿ

ಹ್ಯಾಮ್ ರೇಡಿಯೊ ಹವ್ಯಾಸಿಗೆ ಬೇಕಾದ ಎರಡು ಸಂಗತಿಗಳು ನಗರದ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ದುಡ್ಡು ಸುರಿದರೂ ಸಿಗುವುದಿಲ್ಲ. ಒಂದು, ಇಪ್ಪತ್ತು ಮೀಟರ್ ತಂತಿ ಎಳೆಯುವಷ್ಟು ಬಯಲು. ಇನ್ನೊಂದು, ಗದ್ದಲವಿಲ್ಲದ ಆಕಾಶ. ಹುನಗುಂದದ ಎರಿ ಹೊಲದ ಮನೆಗೂ ಬಾದಾಮಿಯ ಗುಡ್ಡದ ಮಗ್ಗುಲಿನ ತೋಟಕ್ಕೂ ಇವೆರಡೂ ಹುಟ್ಟಿನಿಂದಲೇ ಬಂದಿವೆ. ನಗರ ಬಿಟ್ಟು ಊರಿಗೆ ಮರಳಿದ ಹವ್ಯಾಸಿ ಹಳೆಯ ಎಎಂ ಪ್ರೇಷಕಕ್ಕೆ ಮತ್ತೆ ಜೀವ ಕೊಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಕಾಶದ ಗದ್ದಲ ಹುಟ್ಟುವುದು ನಮ್ಮ ಮನೆಗಳಲ್ಲೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಟಿವಿ ಅಡಾಪ್ಟರುಗಳ ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುವ ಸ್ವಿಚ್ ಇರುತ್ತದೆ. ಅದರ ಸಿಡಿತ ಹಲವು ಮೆಗಾಹರ್ಟ್ಸ್‌ಗಳವರೆಗೂ ಹರಡಿ ರೇಡಿಯೊದಲ್ಲಿ ಬುರ್ರೆನ್ನುತ್ತದೆ. ಅಗ್ಗದ ಚಾರ್ಜರು ನೂರಾರು ಇರುವ ಕಟ್ಟಡದಲ್ಲಿ ದೂರದ ದನಿ ಮುಳುಗಿಹೋಗುವುದು ಹೀಗೆ. ಹೊಲದ ಮನೆಯಲ್ಲಿ ಅಂಥ ವಸ್ತು ನಾಲ್ಕೋ ಐದೋ ಇರಬಹುದು. ಅವನ್ನು ಕಿತ್ತಿಟ್ಟರೆ ಮುಗಿಯಿತು. ಹಳ್ಳಿಗೂ ತನ್ನದೇ ಆದ ತೊಂದರೆಯಿದೆ ಅನ್ನಿ: ಕಾಡುಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿ ಸೆಕೆಂಡಿಗೊಮ್ಮೆ ‘ಟಕ್’ ಎನ್ನುತ್ತದೆ. ಬೇಲಿಯ ತಂತಿಗೆ ಹುಲ್ಲು ತಾಗಿದ್ದರೆ ಅದು ಇನ್ನೂ ಜೋರು.

ಈಗ ಯಂತ್ರದ ವಿಷಯಕ್ಕೆ ಬರೋಣ. ಕ್ವಾರ್ಟ್ಜ್ ಹರಳೊಂದು ಸೆಕೆಂಡಿಗೆ 71 ಲಕ್ಷ ಸಲ ಕಂಪಿಸುತ್ತದೆ ಎಂದುಕೊಳ್ಳಿ. ಅದು 7.1 ಮೆಗಾಹರ್ಟ್ಸ್, ಹ್ಯಾಮ್‌ಗಳು 40 ಮೀಟರ್ ಬ್ಯಾಂಡ್ ಎನ್ನುವ ಪಟ್ಟಿಯ ನಟ್ಟನಡುವೆ. ಹರಳಿನಿಂದ ಹೊರಟ ಆ ಬಡಕಲು ಅಲೆಯನ್ನು ಬಲಪಡಿಸುವುದು ವಾಲ್ವ್. ಹಳೆಯ ಹವ್ಯಾಸಿಗಳೆಲ್ಲ ಹೆಸರು ಹಿಡಿದು ನೆನೆಯುವ ವಾಲ್ವ್ ಎಂದರೆ 807. 1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಹೊರತಂದದ್ದು. ಗಾಜಿನ ಬುರುಡೆ, ನೆತ್ತಿಯ ಮೇಲೊಂದು ಲೋಹದ ಟೋಪಿ. 6.3 ವೋಲ್ಟ್‌ನ ಹೀಟರ್ ಕಾದು ಕೆಂಪಾದಾಗ ಒಳಗಿನ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಉಗುಳುತ್ತದೆ. ಸುತ್ತಲಿನ ಪ್ಲೇಟು ಸುಮಾರು 475 ವೋಲ್ಟ್‌ನಲ್ಲಿ ನಿಂತು ಅವನ್ನು ಸೆಳೆದುಕೊಳ್ಳುತ್ತದೆ. ನಡುವಿನ ಗ್ರಿಡ್ಡಿನ ಮೇಲೆ ಸಣ್ಣ ವೋಲ್ಟೇಜ್ ಆಡಿಸಿದರೆ ಸಾಕು, ದೊಡ್ಡ ಪ್ರವಾಹ ಅದರ ಮಾತು ಕೇಳುತ್ತದೆ. ಹೀಗೆ ದುಡಿಯುವ ಒಂದೇ ಒಂದು 807ರಿಂದ ಸುಮಾರು 27 ವಾಟ್ ಎಎಂ ವಾಹಕ ಅಲೆ, ಅಂದರೆ ಕ್ಯಾರಿಯರ್, ಹೊರಬರುತ್ತದೆ.

ಇಷ್ಟಾದರೂ ಅದು ಬರೀ ಮೌನದ ಅಲೆ. ಅದಕ್ಕೆ ದನಿ ಕೂಡಿಸುವ ಹಳೆಯ ಉಪಾಯ ಬಹಳ ನೇರವಾದದ್ದು. ಮೈಕಿನ ಮಾತನ್ನು ಆಂಪ್ಲಿಫೈಯರಿನಲ್ಲಿ ಹಿಗ್ಗಿಸಿ, ಒಂದು ಟ್ರಾನ್ಸ್‌ಫಾರ್ಮರ್ ಮೂಲಕ ಪ್ಲೇಟಿನ ವೋಲ್ಟೇಜಿನ ಮೇಲೆಯೇ ಹೇರುವುದು. ಗಟ್ಟಿಯಾಗಿ ಮಾತಾಡಿದಾಗ ಪ್ಲೇಟಿನ 475 ವೋಲ್ಟ್ ಒಮ್ಮೆ ಸೊನ್ನೆಯ ಹತ್ತಿರ ಇಳಿದು, ಮರುಗಳಿಗೆ ಎರಡರಷ್ಟಕ್ಕೆ ಏರುತ್ತದೆ. ಅಲೆಯ ಎತ್ತರ ಅದರೊಂದಿಗೆ ಕುಣಿಯುತ್ತದೆ; ಎಎಂ ಎಂದರೆ ಇದೇ. ತುತ್ತತುದಿಯಲ್ಲಿ ಶಕ್ತಿ ನಾಲ್ಕು ಪಟ್ಟು. ಇದಕ್ಕೆ ಬೇಕಾದ ಆಂಪ್ಲಿಫೈಯರು ಚಿಕ್ಕದಲ್ಲ. ಪ್ಲೇಟಿಗೆ 40 ವಾಟ್ ಕೊಡುವ ಪ್ರೇಷಕಕ್ಕೆ 20 ವಾಟ್ ದನಿ ಬೇಕು. ವಾಲ್ವ್ ಕಾಲದ ಧ್ವನಿವರ್ಧಕಗಳಲ್ಲೂ 807 ಬಳಕೆಯಲ್ಲಿತ್ತು. ಬನಶಂಕರಿ ಜಾತ್ರೆಯ ನಾಟಕ ಕಂಪನಿಗೆ ಸಾಲುವಂಥ ಆಂಪ್ಲಿಫೈಯರು ಹ್ಯಾಮ್ ಮನೆಯಲ್ಲಿ ದನಿ ಹೇರುವ ಮಾಡ್ಯುಲೇಟರ್ ಆಗಿ ದುಡಿಯಬಲ್ಲದು.

ಕೇಳುವ ತುದಿಯಲ್ಲಂತೂ ಕೆಲಸ ಇನ್ನೂ ಸರಳ. ಒಂದು ಡಯೋಡು ಅಲೆಯ ಅರ್ಧಭಾಗ ಕತ್ತರಿಸುತ್ತದೆ, ಒಂದು ಪುಟ್ಟ ಕಂಡೆನ್ಸರು ಉಳಿದ ಕಂಪನ ನುಂಗುತ್ತದೆ, ದನಿ ಸಿಗುತ್ತದೆ. 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿಯನ್ನು ಬಾಗಲಕೋಟೆಯ ಮನೆಮನೆಯ ಸೆಟ್ಟುಗಳು ಹಿಡಿದದ್ದು ಇದೇ ಉಪಾಯದಿಂದ.

ಹಾಗಾದರೆ ಹ್ಯಾಮ್ ಜಗತ್ತು ಎಎಂ ಬಿಟ್ಟದ್ದೇಕೆ? ದುಂದಿನ ಕಾರಣಕ್ಕೆ. 100 ವಾಟ್ ಕ್ಯಾರಿಯರಿನ ಮೇಲೆ ಪೂರ್ತಿ ದನಿ ಹೇರಿದರೆ ಒಟ್ಟು 150 ವಾಟ್ ಆಗುತ್ತದೆ. ಮಾತು ಇರುವುದು ಎರಡು ಪಕ್ಕದ ಪಟ್ಟಿಗಳಲ್ಲಿ, ಒಂದೊಂದರಲ್ಲಿ 25 ವಾಟ್. ಅವೆರಡರಲ್ಲೂ ಇರುವುದು ಅದೇ ಮಾತು. ಚೀಲಕ್ಕಿಂತ ಚಕ್ಕಡಿಯ ಭಾರವೇ ಹೆಚ್ಚು. ಕ್ಯಾರಿಯರನ್ನೂ ಒಂದು ಪಟ್ಟಿಯನ್ನೂ ತೆಗೆದೊಗೆದು ಉಳಿದ ಪಟ್ಟಿಯೊಂದನ್ನೇ ಕಳಿಸುವ ಎಸ್‌ಎಸ್‌ಬಿ ಬಂದ ಮೇಲೆ ಹವ್ಯಾಸಿಗಳೆಲ್ಲ ಅತ್ತ ಸರಿದರು. ಅದು ನ್ಯಾಯವೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳೊಳಗೆ ನೀರು ನುಗ್ಗಿದಂಥ ಹೊತ್ತಿನಲ್ಲಿ, ಬ್ಯಾಟರಿಯ ಹನಿಹನಿಯೂ ಮುಖ್ಯವಾದಾಗ, ನಾನು ಎಎಂ ಹಚ್ಚಿ ಎಂದು ಯಾರಿಗೂ ಹೇಳಲಾರೆ. ಆಗ ಎಸ್‌ಎಸ್‌ಬಿ ಬೇಕು, ಇಲ್ಲವೇ ಮೋರ್ಸ್. ಆದರೆ ಎಸ್‌ಎಸ್‌ಬಿ ದನಿ ಟ್ಯೂನಿಂಗ್ ಕೂದಲೆಳೆಯಷ್ಟು ತಪ್ಪಿದರೂ ಮೂಗಿನಿಂದ ಬಂದಂತೆ ಕೇಳುತ್ತದೆ. ಎಎಂನಲ್ಲಿ ಮನುಷ್ಯನ ದನಿ ಅವನದೇ ದನಿಯಾಗಿ ಬರುತ್ತದೆ. ಮೇಲಾಗಿ, ಬೆಸುಗೆ ಕಡ್ಡಿ ಹಿಡಿಯಬಲ್ಲ ಹೈಸ್ಕೂಲು ಹುಡುಗಿಯೂ ಈ ಯಂತ್ರವನ್ನು ಮೊದಲಿನಿಂದ ಕೊನೆಯವರೆಗೆ ಅರ್ಥ ಮಾಡಿಕೊಳ್ಳಬಹುದು. ಇಂದಿನ ಮೊಬೈಲಿನ ಬಗ್ಗೆ ಅದನ್ನು ಕಟ್ಟಿದ ಎಂಜಿನಿಯರೂ ಹಾಗೆ ಹೇಳಲಾರ.

ಇಷ್ಟು ಸಣ್ಣ ಶಕ್ತಿಯಿಂದ ಏನಾದೀತು ಎನ್ನುವವರು ಮೈಸೂರನ್ನು ನೆನೆಯಬೇಕು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಆರಂಭಿಸಿದ್ದು 30 ವಾಟ್‌ನ ಪ್ರೇಷಕದಲ್ಲಿ. ನಮ್ಮ ಒಂದು 807ರ ಸರಿಸುಮಾರು ಅಷ್ಟೇ ಬಲ. ಉಷಾ ಮೆಹ್ತಾ ಮತ್ತು ಗೆಳೆಯರು 1942ರಲ್ಲಿ ಮುಂಬಯಿಯಿಂದ ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೊ 42.34 ಮೀಟರ್‌ನಲ್ಲಿತ್ತು. ಲೆಕ್ಕ ಹಾಕಿದರೆ ಅದು 7.08 ಮೆಗಾಹರ್ಟ್ಸ್, ಇಂದಿನ ಹ್ಯಾಮ್ ಪಟ್ಟಿಯ ಒಳಗೇ ಬೀಳುತ್ತದೆ.

ಇನ್ನು ಆಂಟೆನಾ. ಒಂದೊಂದು ಕಡೆ ಹತ್ತು ಮೀಟರಿನ ತಾಮ್ರದ ತಂತಿ, ನಡುವೆ ಕೇಬಲ್ಲು, ಎರಡು ತುದಿಗೆ ಎರಡು ಬೇವಿನ ಮರ. ಎಂಟು ಹತ್ತು ಮೀಟರ್ ಎತ್ತರಕ್ಕೆ ಕಟ್ಟಿದರೆ ಅಲೆಯ ಬಹುಪಾಲು ನೆಟ್ಟಗೆ ಮೇಲೇರಿ, ಇನ್ನೂರೈವತ್ತು ಮುನ್ನೂರು ಕಿಲೋಮೀಟರ್ ಮೇಲಿನ ಅಯಾನುಗೋಳಕ್ಕೆ ಬಡಿದು ಛತ್ರಿಯಂತೆ ಕೆಳಗಿಳಿಯುತ್ತದೆ. ಹೀಗಾಗಿ ಬಾದಾಮಿಯ ಮರಳುಗಲ್ಲಿನ ಗೋಡೆ ಅಡ್ಡ ನಿಂತರೂ ಚಿಂತೆಯಿಲ್ಲ. ಹಗಲಲ್ಲಿ ಧಾರವಾಡ, ಬೆಳಗಾವಿ, ಬೆಂಗಳೂರು ನಿಲುಕುತ್ತವೆ. ರಾತ್ರಿ ಅಯಾನುಗೋಳ ತೆಳುವಾದಾಗ ಹತ್ತಿರದವರು ಮರೆಯಾಗಿ ದೂರದವರು ಮೂಡುತ್ತಾರೆ. ಆ ಸಂಧಿಕಾಲದಲ್ಲಿ ಎಎಂ ದನಿ ಇದ್ದಕ್ಕಿದ್ದಂತೆ ಒಡೆದು ಗರಗರ ಎನ್ನುವುದುಂಟು. ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಕ್ಯಾರಿಯರನ್ನೇ ಪರಸ್ಪರ ಅಳಿಸಿಬಿಡುವುದರಿಂದ ಹಾಗಾಗುತ್ತದೆ, ಸೆಟ್ಟಿನ ದೋಷವಲ್ಲ. ತಂತಿಯ ಬದಲು ಕಂಬದಂಥ ನೆಟ್ಟಗಿನ ಆಂಟೆನಾ ಹಾಕುವವರಿಗೆ ಮಾತ್ರ ನೆಲ ಮುಖ್ಯ. ಹಸಿ ಎರಿ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಇಳಕಲ್ಲಿನ ಗ್ರಾನೈಟ್ ಬಂಡೆ ಹರಿಸುವುದಿಲ್ಲ. ಅಲ್ಲಿ ನೆಲದ ಮೇಲೆ ಸುತ್ತಲೂ ತಂತಿಗಳನ್ನು ಹಾಸಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪ್ಲೇಟಿನ ವೋಲ್ಟೇಜು ಜೀವ ತೆಗೆಯುತ್ತದೆ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಅದು ಕುಳಿತಿರುತ್ತದೆ. ಅದನ್ನು ಇಳಿಸುವ ಬ್ಲೀಡರ್ ರೆಸಿಸ್ಟರ್ ಇಲ್ಲದ ಪೆಟ್ಟಿಗೆಗೆ ಕೈ ಹಾಕಕೂಡದು. ಅಡ್ಡಮಳೆಯ ಗುಡುಗು ದೂರದಲ್ಲಿ ಕೇಳಿದೊಡನೆ ಆಂಟೆನಾ ಕಳಚಿ ಹೊರಗಿಡಬೇಕು. ಜೊತೆಗೊಂದು ಮರ್ಯಾದೆಯ ಮಾತು: ಎಎಂ ಎಸ್‌ಎಸ್‌ಬಿಯ ಎರಡರಷ್ಟು ಜಾಗ ತಿನ್ನುತ್ತದೆ, ಸುಮಾರು 6 ಕಿಲೋಹರ್ಟ್ಸ್. ಪಟ್ಟಿ ಖಾಲಿಯಿದ್ದಾಗ, ಮೊದಲು ಕಿವಿಗೊಟ್ಟು, ಆಮೇಲೆ ಮಾತಾಡಬೇಕು.

ಪ್ರಸಾರ ಮಾಡಲು ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಲೇಬೇಕು. ಹನ್ನೆರಡು ತುಂಬಿದ ಮಕ್ಕಳೂ ಅದಕ್ಕೆ ಕೂರಬಹುದು. ಮೊದಲ ಹಂತದ ದರ್ಜೆಗೆ ಮೋರ್ಸ್ ಕಲಿಯುವ ಅಗತ್ಯವಿಲ್ಲ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ಮನೆಯ ಅಟ್ಟದಲ್ಲಿ ಮರ್ಫಿ, ಬುಷ್, ಫಿಲಿಪ್ಸ್ ಯಾವುದಾದರೂ ವಾಲ್ವ್ ಸೆಟ್ಟು ಕುಳಿತಿದ್ದರೆ ಗುಜರಿಗೆ ಹಾಕಬೇಡಿ. ಅದರ ಗ್ಯಾಂಗ್ ಕಂಡೆನ್ಸರು, ಟ್ರಾನ್ಸ್‌ಫಾರ್ಮರು ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ. ಹತ್ತಿರದ ಶಾಲೆಯ ವಿಜ್ಞಾನದ ಮೇಷ್ಟ್ರಿಗೋ, ಕಲಿಯುವ ಹುಚ್ಚಿರುವ ಮಗುವಿಗೋ ಕೊಡಿ.