ಹಕ್ಕು ಕೊಡುವ ಸಾಲುಗಳ ಪರಿಶೀಲನೆ

ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ಎಲ್ಲರೂ ಎಲ್ಲ ಕೆಲಸವನ್ನೂ ಮಾಡುವಂತಿಲ್ಲ. ಬನಹಟ್ಟಿಯ ಮಗ್ಗದ ಸೀರೆಗಳ ವಿಷಯ ಬಲ್ಲವರು ಅದರ ಬಗ್ಗೆ ಒಂದು ಪ್ಯಾರಾ ಸೇರಿಸಬಹುದು. ಜಮಖಂಡಿ ಸಂಸ್ಥಾನದ ಚರಿತ್ರೆಯಲ್ಲಿ ಬಿಟ್ಟುಹೋದ ಇಸವಿಯನ್ನು ತುಂಬಬಹುದು. ಪುಟವನ್ನೇ ಅಳಿಸುವುದು, ಹಾವಳಿ ಮಾಡುವ ಖಾತೆಯನ್ನು ತಡೆಹಿಡಿಯುವುದು, ಪದೇ ಪದೇ ಕೆಡಿಸಲ್ಪಡುವ ಲೇಖನವನ್ನು ಸಂರಕ್ಷಿಸುವುದು ನಿರ್ವಾಹಕರ ಕೈಯಲ್ಲಿರುತ್ತದೆ. ನಿರ್ವಾಹಕರು ಯಾರಾಗಬೇಕು ಎಂಬುದನ್ನು ಸಮುದಾಯ ಚರ್ಚಿಸಿ ನಿರ್ಧರಿಸುತ್ತದೆ. ನಿರ್ವಾಹಕರಾದವರು ಏನೇನು ಮಾಡಬಹುದು ಎಂಬುದು ಸಾಫ್ಟ್‌ವೇರಿನೊಳಗೆ ಸಾಲು ಸಾಲಾಗಿ ಬರೆದಿಟ್ಟ ನಿಯಮ. ಆ ಸಾಲುಗಳನ್ನು ಯಾರಾದರೂ ತಿದ್ದಲು ಹೊರಟಾಗ, ತಿದ್ದುಪಡಿ ಜಾರಿಗೆ ಬರುವ ಮುಂಚೆ ಇನ್ನೊಬ್ಬರು ಕೂತು ಓದಿ ಒಪ್ಪಬೇಕು. ಇದಕ್ಕೆ ಪ್ಯಾಚ್ ಪರಿಶೀಲನೆ ಎನ್ನುತ್ತಾರೆ.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಮುಕ್ತ ತಂತ್ರಾಂಶ. ಅದರ ಕೋಡ್ ಎಲ್ಲರಿಗೂ ತೆರೆದಿದೆ, ತಿದ್ದುಪಡಿಯನ್ನು ಯಾರು ಬೇಕಾದರೂ ಕಳಿಸಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೂ ಇಂಗ್ಲಿಷ್ ವಿಕಿಪೀಡಿಯಕ್ಕೂ ಕೋಡ್ ಒಂದೇ. ಯಾವ ವಿಕಿಯಲ್ಲಿ ಯಾವ ಗುಂಪಿಗೆ ಯಾವ ಹಕ್ಕು ಎಂಬ ಸೆಟ್ಟಿಂಗ್ಸ್ ಕಡತವೂ ಬಹಿರಂಗವಾಗಿಯೇ ಇದೆ. ಅದರಲ್ಲಿ ಕನ್ನಡ ವಿಕಿಪೀಡಿಯದ ಹೆಸರು ‘ಕೆಎನ್‌ವಿಕಿ’.

ಹಕ್ಕುಗಳಲ್ಲಿ ಏನಾದರೂ ಬದಲಾವಣೆ ಬೇಕಾದರೆ ಮಾತು ಮೊದಲು ಶುರುವಾಗುವುದು ಅರಳಿ ಕಟ್ಟೆಯಲ್ಲಿ. ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚಾ ಪುಟಕ್ಕೆ ಇಟ್ಟಿರುವ ಹೆಸರೇ ಅದು. ಅಲ್ಲಿ ಸಮ್ಮತಿ ಸಿಕ್ಕ ಮೇಲೆ, ಆ ಚರ್ಚೆಯ ಕೊಂಡಿಯೊಂದಿಗೆ ಫ್ಯಾಬ್ರಿಕೇಟರ್ ಎಂಬ ತಾಣದಲ್ಲಿ ಬೇಡಿಕೆ ದಾಖಲಾಗುತ್ತದೆ. ಆಮೇಲೆ ಒಬ್ಬ ಪ್ರೋಗ್ರಾಮರ್ ಸೆಟ್ಟಿಂಗ್ಸ್ ಕಡತಕ್ಕೆ ಪ್ಯಾಚ್ ಬರೆದು ಗೆರಿಟ್‌ಗೆ ಹಾಕುತ್ತಾರೆ. ಗೆರಿಟ್ ಕೋಡ್ ಪರಿಶೀಲನೆಗೆಂದೇ ಇರುವ ತಂತ್ರಾಂಶ, ಮೀಡಿಯಾವಿಕಿಯವರು 2012ರಿಂದ ಬಳಸುತ್ತಿದ್ದಾರೆ. ಅದರ ಪರದೆಯಲ್ಲಿ ತೆಗೆದ ಸಾಲು ಕೆಂಪಾಗಿ, ಸೇರಿಸಿದ ಸಾಲು ಹಸಿರಾಗಿ ಕಾಣುತ್ತದೆ. ಪರಿಶೀಲಕರು ಯಾವುದೇ ಸಾಲಿನ ಕೆಳಗೆ ಪ್ರಶ್ನೆ ಬರೆಯಬಹುದು. ಕೊನೆಗೆ ಅವರು ಅಂಕ ಕೊಡುತ್ತಾರೆ. +1 ಎಂದರೆ ಸರಿ ಕಾಣುತ್ತಿದೆ, ಆದರೆ ಅಂತಿಮ ಒಪ್ಪಿಗೆ ಬೇರೆಯವರು ಕೊಡಲಿ. +2 ಎಂದರೆ ಒಪ್ಪಿಗೆ. -1 ಎಂದರೆ ಈಗಿರುವ ರೂಪದಲ್ಲಿ ಬೇಡ. -2 ಎಂದರೆ ಸೇರಿಸಕೂಡದು. +2 ಕೊಡುವ ಅಧಿಕಾರ ಎಲ್ಲರಿಗೂ ಇಲ್ಲ. +1 ಮತ್ತು -1 ಕೊಡಲು ಖಾತೆಯಿದ್ದರೆ ಸಾಕು.

ಇಂಥ ಪ್ಯಾಚ್‌ಗಳು ಸಾಮಾನ್ಯವಾಗಿ ತೀರ ಚಿಕ್ಕವು, ಮೂರು ಸಾಲು, ನಾಲ್ಕು ಸಾಲು. ಚಿಕ್ಕದೆಂದು ಬೇಗ ಓದಿ ಮುಗಿಸುವುದರಲ್ಲೇ ಅಪಾಯವಿದೆ. ಹಕ್ಕಿನ ವಿಷಯದಲ್ಲಿ ಪರಿಶೀಲಕರು ಹುಡುಕಬೇಕಾದದ್ದು ಬಹುಪಾಲು ಪರದೆಯ ಮೇಲೆ ಇರುವುದೇ ಇಲ್ಲ. ತಿದ್ದಿದ ಸಾಲು ತಿದ್ದದೆ ಉಳಿದ ಸಾಲುಗಳ ಜೊತೆ ಸೇರಿ ಏನು ಮಾಡುತ್ತದೆ ಎಂಬುದರಲ್ಲಿ ಇರುತ್ತದೆ.

ಆ ಕಡತದಲ್ಲಿರುವ ಒಂದು ಕೂಡಿಸುವ ಚಿಹ್ನೆಯನ್ನೇ ನೋಡಬಹುದು. ಎಲ್ಲ ವಿಕಿಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮಗಳ ಪಟ್ಟಿ ಮೊದಲು ಬರುತ್ತದೆ; ಅದರ ಕೆಳಗೆ ಒಂದೊಂದು ವಿಕಿಯ ಹೆಸರು ಹಾಕಿ ಅದರ ವಿಶೇಷ ನಿಯಮಗಳನ್ನು ಬರೆಯುತ್ತಾರೆ. ವಿಕಿಯ ಹೆಸರಿನ ಮುಂದೆ ‘+’ ಇದ್ದರೆ ವಿಶೇಷ ನಿಯಮಗಳು ಸಾಮಾನ್ಯ ಪಟ್ಟಿಯ ಜೊತೆ ಕೂಡಿಕೊಳ್ಳುತ್ತವೆ. ಆ ಚಿಹ್ನೆ ಬಿಟ್ಟುಹೋದರೆ ಸಾಮಾನ್ಯ ಪಟ್ಟಿ ಪೂರ್ತಿ ಸರಿದು, ವಿಶೇಷ ನಿಯಮಗಳು ಮಾತ್ರ ಉಳಿಯುತ್ತವೆ. ಒಂದು ಗುಂಪಿಗೆ ಒಂದು ಹಕ್ಕು ಸೇರಿಸಲು ಹೊರಟ ಪ್ಯಾಚ್, ಬೇರೆ ಗುಂಪುಗಳ ಹಕ್ಕುಗಳನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತದೆ. ವ್ಯಾಕರಣದ ದೃಷ್ಟಿಯಿಂದ ಆ ಕೋಡ್ ಶುದ್ಧವಾಗಿಯೇ ಇರುವುದರಿಂದ ಕಂಪ್ಯೂಟರ್ ತಕರಾರು ತೆಗೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ‘ಇಲ್ಲ’ ಎಂದು ಬರೆಯುವ ಪ್ಯಾಚ್. ಮೀಡಿಯಾವಿಕಿಯಲ್ಲಿ ಒಬ್ಬ ಬಳಕೆದಾರ ಒಂದೇ ಸಲಕ್ಕೆ ಹಲವು ಗುಂಪುಗಳಲ್ಲಿರುತ್ತಾನೆ. ನಿರ್ವಾಹಕರು ನಿರ್ವಾಹಕರ ಗುಂಪಿನ ಜೊತೆಗೆ ಲಾಗಿನ್ ಆದವರ ಗುಂಪಿನಲ್ಲಿಯೂ, ಪ್ರಪಂಚದ ಎಲ್ಲರನ್ನೂ ಒಳಗೊಂಡ ಗುಂಪಿನಲ್ಲಿಯೂ ಇರುತ್ತಾರೆ. ಯಾವುದಾದರೂ ಒಂದು ಗುಂಪು ಹಕ್ಕು ಕೊಟ್ಟಿದ್ದರೆ ಸಾಕು, ಆ ಹಕ್ಕು ಅವರದಾಗುತ್ತದೆ. ಹೀಗಾಗಿ ಒಂದು ಗುಂಪಿನ ಕೆಳಗೆ ‘ಈ ಹಕ್ಕು ಇಲ್ಲ’ ಎಂದು ಬರೆದರೆ, ಈ ಗುಂಪು ಅದನ್ನು ಕೊಡುವುದಿಲ್ಲ ಎಂದಷ್ಟೇ ಅರ್ಥ. ಬೇರೆ ಗುಂಪಿನಿಂದ ಬಂದ ಹಕ್ಕು ಹಾಗೇ ಇರುತ್ತದೆ. ನಿಜವಾಗಿ ಹಿಂತೆಗೆಯಬೇಕಾದರೆ ಅದಕ್ಕೆ ಪ್ರತ್ಯೇಕ ಸೆಟ್ಟಿಂಗ್ ಇದೆ. ನಿಷೇಧ ಜಾರಿಯಾಯಿತು ಎಂದು ಎಲ್ಲರೂ ನಂಬಿರುವಾಗ ಏನೂ ಬದಲಾಗದೆ ಇರುವುದು ಕಣ್ಣಿಗೆ ಕಾಣುವ ದೋಷಕ್ಕಿಂತ ಕೆಟ್ಟದ್ದು.

ಇನ್ನು ಕೆಲವು ಹಕ್ಕುಗಳು ಒಂಟಿಯಾಗಿ ಬರುವುದಿಲ್ಲ. ಇತರರ ಹಕ್ಕುಗಳನ್ನು ಬದಲಿಸುವ ಹಕ್ಕನ್ನು ಪಡೆದವರು ತಮ್ಮನ್ನೇ ಯಾವ ಗುಂಪಿಗಾದರೂ ಸೇರಿಸಿಕೊಳ್ಳಬಹುದು. ಅಂದರೆ ಆ ಒಂದು ಸಾಲು ಎಲ್ಲ ಹಕ್ಕುಗಳಿಗೂ ಸಮ. ಆದ್ದರಿಂದ ಯಾವ ಗುಂಪು ಯಾವ ಗುಂಪಿಗೆ ಮಾತ್ರ ಜನರನ್ನು ಸೇರಿಸಬಹುದು, ಯಾವುದರಿಂದ ತೆಗೆಯಬಹುದು ಎಂಬುದನ್ನು ಬಿಡಿಬಿಡಿಯಾಗಿ ಬರೆಯುವ ವ್ಯವಸ್ಥೆ ಇದೆ. ಪ್ಯಾಚ್‌ನಲ್ಲಿ ಹೊಸ ಗುಂಪು ಕಂಡರೆ ಪರಿಶೀಲಕರು ಕೇಳಬೇಕಾದ ಮೊದಲ ಪ್ರಶ್ನೆ: ಇದಕ್ಕೆ ಜನರನ್ನು ಸೇರಿಸುವವರು ಯಾರು, ತಪ್ಪಾದಾಗ ತೆಗೆಯುವವರು ಯಾರು? ಸೇರಿಸುವ ಸಾಲಿದ್ದು ತೆಗೆಯುವ ಸಾಲು ಮರೆತಿದ್ದರೆ, ಒಮ್ಮೆ ಕೊಟ್ಟ ಅಧಿಕಾರವನ್ನು ಹಿಂಪಡೆಯಲು ಸ್ಥಳೀಯವಾಗಿ ದಾರಿಯೇ ಇರುವುದಿಲ್ಲ.

ನಿರ್ವಾಹಕರ ಹಕ್ಕುಗಳಲ್ಲಿ ಈಚಿನ ವರ್ಷಗಳ ದೊಡ್ಡ ಬದಲಾವಣೆ 2018ರದು. ವಿಕಿಯ ಎಲ್ಲ ಪುಟಗಳಿಗೂ ಅನ್ವಯಿಸುವ ಜಾವಾಸ್ಕ್ರಿಪ್ಟ್ ಕೋಡನ್ನು ಅಲ್ಲಿಯವರೆಗೆ ಎಲ್ಲ ನಿರ್ವಾಹಕರೂ ತಿದ್ದಬಹುದಿತ್ತು. ಆ ಕೋಡ್ ಓಡುವುದು ಓದುಗರ ಬ್ರೌಸರಿನಲ್ಲಿ. ಎಲ್ಲೋ ಒಬ್ಬ ನಿರ್ವಾಹಕರ ಪಾಸ್‌ವರ್ಡ್ ಕಳ್ಳರ ಪಾಲಾದರೆ, ಆ ವಿಕಿಗೆ ಬರುವ ಪ್ರತಿಯೊಬ್ಬ ಓದುಗರ ಬ್ರೌಸರಿನಲ್ಲೂ ಕಳ್ಳರ ಕೋಡ್ ಓಡಿಸಬಹುದು. 2018ರ ಆಗಸ್ಟ್‌ನಲ್ಲಿ ಆ ಹಕ್ಕನ್ನು ನಿರ್ವಾಹಕರಿಂದ ಬೇರ್ಪಡಿಸಿ, ಇಂಟರ್‌ಫೇಸ್ ನಿರ್ವಾಹಕರು ಎಂಬ ಹೊಸ ಗುಂಪಿಗೆ ಒಪ್ಪಿಸಲಾಯಿತು. ಪರದೆಯ ಮೇಲಿನ ಕನ್ನಡ ಸಂದೇಶಗಳನ್ನು ತಿದ್ದುವ ಹಕ್ಕು ಸಾಮಾನ್ಯ ನಿರ್ವಾಹಕರಲ್ಲೇ ಉಳಿಯಿತು. ಒಂದೇ ಹಕ್ಕಿನೊಳಗೆ ಅಡಗಿದ್ದ ಎರಡು ಬೇರೆ ಬೇರೆ ಶಕ್ತಿಗಳನ್ನು ಗುರುತಿಸಿ ಬಿಡಿಸಿದ್ದು ಒಳ್ಳೆಯ ಕೆಲಸ. ಹೆಚ್ಚಿನ ನಿರ್ವಾಹಕರಿಗೆ ಆ ಹಕ್ಕಿನ ಅಗತ್ಯವೇ ಬೀಳುತ್ತಿರಲಿಲ್ಲ.

ವಿಕಿಯ ಆಚೆಗೂ ಕಥೆ ಇದೇ. ಲಿನಕ್ಸ್‌ನಲ್ಲಿ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ ಇರುತ್ತದೆ. ಸರ್ವಾಧಿಕಾರವುಳ್ಳ ‘ರೂಟ್’ ಖಾತೆಯ ಸಂಖ್ಯೆ 0. 2003ರ ನವೆಂಬರ್‌ನಲ್ಲಿ ಲಿನಕ್ಸ್ ಕರ್ನಲ್ಲಿನ ಒಂದು ನಕಲು ಸಂಗ್ರಹಕ್ಕೆ ಯಾರೋ ಎರಡು ಸಾಲು ನುಗ್ಗಿಸಿದರು. ಮೇಲ್ನೋಟಕ್ಕೆ ಅದು ಬಳಕೆದಾರನ ಸಂಖ್ಯೆ 0 ಆಗಿದೆಯೇ ಎಂದು ಕೇಳುವ ತಪಾಸಣೆಯಂತಿತ್ತು. ಹಾಗೆ ಕೇಳಲು ‘ಸಿ’ ಭಾಷೆಯಲ್ಲಿ ‘==’ ಎಂದು ಎರಡು ಗೆರೆಜೋಡಿ ಬೇಕು. ಅಲ್ಲಿ ಇದ್ದದ್ದು ಒಂದೇ ‘=’. ಅದರರ್ಥ, ಸಂಖ್ಯೆಯನ್ನು 0 ಮಾಡು. ಗುಟ್ಟು ಬಲ್ಲ ಯಾವ ಸಾಮಾನ್ಯ ಬಳಕೆದಾರನೂ ಅದರಿಂದ ರೂಟ್ ಆಗಬಹುದಿತ್ತು. ಮೂಲ ಸಂಗ್ರಹದಲ್ಲಿ ಆ ತಿದ್ದುಪಡಿಗೆ ದಾಖಲೆ ಇಲ್ಲದ್ದು ಗಮನಕ್ಕೆ ಬಂದು, ಅದು ಅಧಿಕೃತ ಕರ್ನಲ್ ಸೇರುವ ಮೊದಲೇ ಸಿಕ್ಕಿಬಿತ್ತು.

ಕೆಟ್ಟ ಉದ್ದೇಶವಿಲ್ಲದೆಯೂ ಹೀಗಾಗುವುದುಂಟು. ಸುಡೊ ಎಂಬ ತಂತ್ರಾಂಶದಲ್ಲಿ ‘ರೂಟ್ ಒಂದನ್ನು ಬಿಟ್ಟು ಬೇರೆ ಯಾರ ಹೆಸರಿನಲ್ಲಾದರೂ ಆಜ್ಞೆ ಓಡಿಸಬಹುದು’ ಎಂದು ನಿಯಮ ಬರೆಯಬಹುದು. 2019ರ ಅಕ್ಟೋಬರ್‌ನಲ್ಲಿ ಬಯಲಾದ ದೋಷದ ಪ್ರಕಾರ, ಬಳಕೆದಾರನ ಸಂಖ್ಯೆ -1 ಎಂದು ಕೊಟ್ಟರೆ ಆ ನಿಯಮ ದಾಟಿಹೋಗುತ್ತಿತ್ತು. ಕಾರಣ ಸರಳ. ಬಳಕೆದಾರನನ್ನು ಬದಲಿಸುವ ವ್ಯವಸ್ಥೆಗೆ -1 ಎಂದರೆ ‘ಬದಲಿಸಬೇಡ, ಇದ್ದಂತೆ ಇರಲಿ’. ಸುಡೊ ಸ್ವತಃ ರೂಟ್ ಆಗಿಯೇ ಓಡುತ್ತಿರುವುದರಿಂದ, ಇದ್ದಂತೆ ಇರುವುದೆಂದರೆ ರೂಟ್ ಆಗಿ ಉಳಿಯುವುದು. ನಿಯಮ ರೂಟ್ ಎಂಬ ಒಂದು ಬಾಗಿಲನ್ನು ಕಾಯುತ್ತಿತ್ತು. ಹೆಸರೇ ಇಲ್ಲದ ಸಂಖ್ಯೆಯೊಂದು ಬರಬಹುದೆಂದು ಯಾರೂ ಊಹಿಸಿರಲಿಲ್ಲ. 1.8.28ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ‘ಇವರನ್ನು ಬಿಟ್ಟು ಎಲ್ಲರಿಗೂ’ ಎಂಬ ನಿಯಮಕ್ಕಿಂತ ‘ಇವರಿಗೆ ಮಾತ್ರ’ ಎಂಬ ನಿಯಮವನ್ನು ಅನುಭವಸ್ಥ ಪರಿಶೀಲಕರು ಮೆಚ್ಚುವುದು ಇದೇ ಕಾರಣಕ್ಕೆ.

ವಿಕಿಮೀಡಿಯದಲ್ಲಿ ಸ್ವಯಂಚಾಲಿತ ಪರೀಕ್ಷೆಗಳು ಪ್ರತಿ ಪ್ಯಾಚನ್ನೂ ಓಡಿಸಿ ನೋಡುತ್ತವೆ, ಬರವಣಿಗೆಯ ದೋಷಗಳನ್ನು ಹಿಡಿಯುತ್ತವೆ. ಅರಳಿ ಕಟ್ಟೆಯಲ್ಲಿ ಜನ ಒಪ್ಪಿದ್ದೂ ಪ್ಯಾಚಿನಲ್ಲಿ ಬರೆದದ್ದೂ ಒಂದೇ ಹೌದೋ ಅಲ್ಲವೋ ಎಂಬುದು ಯಂತ್ರಕ್ಕೆ ತಿಳಿಯದು. ಅದಕ್ಕೆ ಚರ್ಚೆಯನ್ನು ಕನ್ನಡದಲ್ಲಿ ಓದಿ, ಕೋಡನ್ನೂ ಓದಿ ತಾಳೆ ನೋಡುವವರೇ ಬೇಕು. ಇಲ್ಲಿ ಕನ್ನಡ ಬಲ್ಲ ಪರಿಶೀಲಕರ ಬೆಲೆ ದೊಡ್ಡದು. ಕನ್ನಡ ಬಾರದ ಎಂಜಿನಿಯರ್ ಬೇಡಿಕೆಯ ಇಂಗ್ಲಿಷ್ ಸಾರಾಂಶವನ್ನು ನಂಬಬೇಕಾಗುತ್ತದೆ.

ಒಪ್ಪಿಗೆಯಾದ ಪ್ಯಾಚನ್ನು ನಿಗದಿತ ವೇಳೆಯಲ್ಲಿ ಮೊದಲು ಪರೀಕ್ಷಾ ಸರ್ವರ್‌ಗೆ ಹಾಕುತ್ತಾರೆ. ಬೇಡಿಕೆ ಇಟ್ಟವರು ಬ್ರೌಸರಿನ ಒಂದು ಎಕ್ಸ್‌ಟೆನ್ಶನ್ ಮೂಲಕ ಆ ಸರ್ವರ್‌ನಲ್ಲೇ ತಮ್ಮ ವಿಕಿಯನ್ನು ತೆರೆದು, ಹಕ್ಕುಗಳ ಪಟ್ಟಿಯನ್ನು ನೋಡಿ ಸರಿಯಿದೆ ಎಂದ ಮೇಲೆ ಉಳಿದ ಸರ್ವರ್‌ಗಳಿಗೆ ಹರಡುತ್ತಾರೆ. ತಪ್ಪು ಕಂಡರೆ ಪ್ಯಾಚನ್ನು ಹಿಂದಕ್ಕೆ ಪಡೆಯುತ್ತಾರೆ. ಯಾವ ಗುಂಪಿಗೆ ಯಾವ ಹಕ್ಕಿದೆ ಎಂಬ ಪಟ್ಟಿ ಪ್ರತಿ ವಿಕಿಯ ವಿಶೇಷ ಪುಟಗಳಲ್ಲಿ ಸದಾ ತೆರೆದಿರುತ್ತದೆ. ಯಾರಿಗೆ ಯಾವಾಗ ಯಾರು ಹಕ್ಕು ಕೊಟ್ಟರು, ಯಾರು ತೆಗೆದರು ಎಂಬ ದಾಖಲೆಯೂ ಅಲ್ಲೇ ಇದೆ. ಎರಡನ್ನೂ ಓದಲು ಲಾಗಿನ್ ಆಗಬೇಕಿಲ್ಲ.