ಕೇಳದೇ ಉಳಿದ ಒಂದು ಪ್ರಶ್ನೆ

ಲ್ಯಾನ್ಸಲಾಟ್ ಮತ್ತು ರಾಣಿ ಗಿನೆವೀರ್‌ರ ಪ್ರೇಮ, ಗ್ರೇಲ್ ಎಂಬ ಪವಿತ್ರ ಪಾತ್ರೆಯ ಹುಡುಕಾಟ: ಸಿನಿಮಾದಲ್ಲಿ ನೋಡಿದವರು ಇವೆಲ್ಲ ಇಂಗ್ಲೆಂಡಿನ ಕತೆಗಳು ಅಂತಲೇ ತಿಳಿದಿರುತ್ತಾರೆ. ಆರ್ಥರ್ ರಾಜ ಬ್ರಿಟನ್ನಿನವನು, ನಿಜ. ಆದರೆ ಈ ಎರಡೂ ಕತೆಗಳು ಮೊದಲು ಸಿಗುವುದು ಫ್ರೆಂಚ್ ಕವಿ ಕ್ರೆತ್ಯಾಂ ದ ತ್ರುವಾನಲ್ಲಿ. 12ನೇ ಶತಮಾನದ ಉತ್ತರಾರ್ಧದವನು. ಬದುಕಿನ ವಿವರ ಹೆಚ್ಚೇನೂ ಉಳಿದಿಲ್ಲ; ಐದು ದೊಡ್ಡ ಕಥನಕಾವ್ಯಗಳು ಉಳಿದಿವೆ.

‘ರೊಮಾನ್ಸ್’ ಅಂದರೆ ಆಗ ಪ್ರೇಮ ಅಂತಲ್ಲ, ಲ್ಯಾಟಿನ್ ಅಲ್ಲದ ಆಡುಮಾತು ಅಂತ. ಆ ಮಾತಿನಲ್ಲಿ ಹೇಳಿದ ಕತೆಗೂ ಅದೇ ಹೆಸರು ಬಂತು. ಅದಕ್ಕೂ ಮುಂಚಿನ ವೀರಗಾಥೆಗಳ ತುಂಬ ಯುದ್ಧದ್ದೇ ಸದ್ದು. ಕ್ರೆತ್ಯಾಂನ ಆಶ್ರಯದಾತೆ ಷಾಂಪೇನ್ ಪ್ರಾಂತ್ಯದ ಒಡತಿ ಮರಿ. ಲ್ಯಾನ್ಸಲಾಟ್‌ನ ಕತೆಗೆ ವಸ್ತು ಕೊಟ್ಟವಳೂ ಅವಳೇ ಅಂತ ಕವಿಯೇ ಹೇಳಿಕೊಂಡಿದ್ದಾನೆ. ಅದರಲ್ಲಿ ರಾಣಿಯನ್ನು ಹುಡುಕಿ ಹೊರಟ ವೀರ, ಅಪರಾಧಿಗಳನ್ನು ಕೂರಿಸುವ ಬಂಡಿ ಹತ್ತಬೇಕಾಗುತ್ತದೆ. ಎರಡೇ ಹೆಜ್ಜೆ ಹಿಂಜರಿಯುತ್ತಾನೆ. ಪ್ರಾಣ ಪಣಕ್ಕಿಟ್ಟು ಬಂದರೂ ರಾಣಿ ಮುಖ ತಿರುಗಿಸುತ್ತಾಳೆ, ಆ ಎರಡು ಹೆಜ್ಜೆಗಾಗಿ!

ನನಗೆ ಇದಕ್ಕಿಂತ ಹೆಚ್ಚು ಕಾಡುವವನು ಪರ್ಸಿವಲ್. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ತಾಯಿ, ಉಳಿದ ಈ ಒಬ್ಬನಿಗೆ ನೈಟ್ ಅನ್ನೋ ಪದವೇ ಕಿವಿಗೆ ಬೀಳದಂತೆ ಕಾಡಿನಲ್ಲಿ ಸಾಕಿರುತ್ತಾಳೆ. ಒಂದು ದಿನ ಫಳಫಳಿಸುವ ಕವಚದ ಸವಾರರನ್ನು ಕಂಡು, ದೇವದೂತರು ಅಂದುಕೊಳ್ಳುತ್ತಾನೆ ಹುಡುಗ. ಇನ್ನು ಅವನನ್ನು ಹಿಡಿದಿಡೋರು ಯಾರು? ಹೊರಟಾಗ ತಾಯಿ ಸೇತುವೆಯ ಬಳಿ ಕುಸಿದು ಬೀಳುವುದು ಕಾಣುತ್ತದೆ. ಆದರೂ ಕುದುರೆಗೆ ಚಾಟಿ ಬೀಸುತ್ತಾನೆ.

ಮುಂದೆ, ಗಾಯದಿಂದ ನರಳುವ ರಾಜನೊಬ್ಬನ ಕೋಟೆಯಲ್ಲಿ ಊಟಕ್ಕೆ ಕೂರುತ್ತಾನೆ. ರಕ್ತ ಸುರಿಯುವ ಈಟಿ, ಹಿಂದೆಯೇ ಹುಡುಗಿಯೊಬ್ಬಳ ಕೈಯಲ್ಲಿ ಹೊಳೆಯುವ ಗ್ರೇಲ್ ಕಣ್ಣೆದುರೇ ಹಾದುಹೋಗುತ್ತವೆ. ಇದು ಯಾರಿಗೆ ಅಂತ ಕೇಳುವ ಆಸೆ. ಆದರೆ ‘ಮಾತು ಜಾಸ್ತಿ ಆಡಬೇಡ’ ಅಂತ ಗುರು ಹೇಳಿದ್ದನಲ್ಲ! ಬೆಳಗಾದರೆ ಕೋಟೆಯಲ್ಲಿ ನರಪಿಳ್ಳೆಯೂ ಇಲ್ಲ. ಕೇಳಿದ್ದಿದ್ದರೆ ರಾಜ ಗುಣವಾಗುತ್ತಿದ್ದ ಅಂತ ಆಮೇಲೆ ಗೊತ್ತಾಗುತ್ತದೆ. ವರ್ಷಗಳ ನಂತರ ಸನ್ಯಾಸಿಯೊಬ್ಬ ಕಾರಣ ಬಿಡಿಸಿ ಹೇಳುತ್ತಾನೆ: ನಿನ್ನ ನಾಲಿಗೆ ಕಟ್ಟಿದ್ದು ಗುರುವಿನ ಮಾತಲ್ಲ, ಸೇತುವೆಯ ಬಳಿ ಬಿದ್ದ ತಾಯಿ. ಅವಳು ಆ ದುಃಖದಲ್ಲೇ ಸತ್ತಳು.

ಅಷ್ಟಾದ ಮೇಲೆ ಕವಿ ಗವೇನ್ ಎಂಬ ಇನ್ನೊಬ್ಬ ನೈಟ್‌ನ ಬೆನ್ನುಹತ್ತುತ್ತಾನೆ, ಕಾವ್ಯ ಅರ್ಧಕ್ಕೇ ನಿಲ್ಲುತ್ತದೆ. ಬೇರೆಯವರು ಸಾವಿರಾರು ಸಾಲು ಸೇರಿಸಿ ಮುಂದುವರಿಸಿದರು. ಕ್ರೆತ್ಯಾಂ ಬರೆದಷ್ಟರಲ್ಲಿ ಮಾತ್ರ ಪರ್ಸಿವಲ್ ಆ ಕೋಟೆಗೆ ಮರಳುವುದೇ ಇಲ್ಲ.