ಹೊಳಲೂರಿನ ಟರ್ಕಿ ಕೋಳಿಯ ಕಾಲು ಮತ್ತು ಲೆಕ್ಕಕ್ಕೆ ಬಾರದ ಹಕ್ಕಿಗಳು

ಹೊಳಲೂರಿನ ಚಿಕ್ಕಮ್ಮನಿಂದ ಬೆಳಗ್ಗೆ ಆರಕ್ಕೇ ಫೋನ್ ಬಂತು ಅಂದರೆ ಯಾರಿಗೋ ಏನೋ ಆಗಿದೆ ಅಂತಲೇ ಅರ್ಥ. ಈ ಸಲ ಆಗಿದ್ದು ಟರ್ಕಿ ಕೋಳಿಗೆ. "ರಾತ್ರಿ ನಾಯಿ ನುಗ್ಗಿತ್ತು ಕಣೋ. ಗಂಡು ಹೆದರಿ ತಂತಿ ಬಲೆಗೆ ಕಾಲು ಸಿಗಿಸ್ಕೊಂಡಿದೆ. ಕಾಲು ಜೋತಾಡ್ತಿದೆ. ಎಲ್ರೂ ಕೊಯ್ದು ಸಾರು ಮಾಡು ಅಂತಿದಾರೆ."

ಸಾರು ಮಾಡೋದು ಸುಲಭ. ಆದರೆ ಆ ಗಂಡು, ಮೂರು ಹೆಣ್ಣು, ಒಟ್ಟು ನಾಲ್ಕು ಹಕ್ಕಿಗಳನ್ನ ಚಿಕ್ಕಮ್ಮ ಸಂಘದ ಸಾಲದಲ್ಲಿ ತಂದಿದ್ದು. ಮೊಟ್ಟೆ ಮಾರೋದಕ್ಕಲ್ಲ, ಮರಿ ಮಾಡಿಸಿ ಮಾರೋದಕ್ಕೆ. ನಾಟಿ ಕೋಳಿಯಾದರೆ ಪಕ್ಕದ ಮನೆ ಹುಂಜ ಬೇಲಿ ಹಾರಿ ಬಂದು ಕೆಲಸ ನಡೆಸುತ್ತೆ. ಟರ್ಕಿಗೆ ಹೊನ್ನಾಳಿ ರಸ್ತೆಯುದ್ದಕ್ಕೂ ಹುಡುಕಿದರೂ ಇನ್ನೊಂದು ಗಂಡು ಸಿಗೋದು ಕಷ್ಟ. ಒಂದು ಹೊತ್ತಿನ ಊಟಕ್ಕೆ ಇಡೀ ಧಂದೆಯನ್ನೇ ಕೊಯ್ದ ಹಾಗೆ.

ಬೈಕ್ ಹತ್ತಿ ಹೋದೆ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಪತ್ರಕರ್ತನಾದ ಮೇಲೆ ಆ ಡಿಗ್ರಿ ಉಪಯೋಗಕ್ಕೆ ಬಂದ ಮೊದಲ ಸಂದರ್ಭ ಇದು.

ಹಕ್ಕಿಯ ಕಾಲು ನೋಡಿದಾಗ "ಮಂಡಿ ಹಿಂದಕ್ಕೆ ಮಡಚುತ್ತೆ" ಅನ್ನಿಸುತ್ತಲ್ಲ, ಅದು ಮಂಡಿಯಲ್ಲ, ಹಿಮ್ಮಡಿಯ ಕೀಲು. ನಿಜವಾದ ಮಂಡಿ ಮೇಲೆ ಪುಕ್ಕದೊಳಗೆ ಅಡಗಿರುತ್ತೆ. ಎಲ್ಲಿ ಮುರಿದಿದೆ ಅನ್ನೋದರ ಮೇಲೆ ಹಕ್ಕಿಯ ಹಣೆಬರಹ ನಿಂತಿದೆ. ಆ ಕೀಲಿಗಿಂತ ಕೆಳಗೆ, ಪೊರೆಪೊರೆ ಚರ್ಮದ ಭಾಗದಲ್ಲಿ ಮುರಿದಿದ್ದರೆ ಹೊರಗಿನಿಂದ ಪಟ್ಟಿ ಕಟ್ಟಿ ಗೆಲ್ಲಬಹುದು. ತೊಡೆಯ ಮೂಳೆ ಮುರಿದಿದ್ದರೆ ಪಟ್ಟಿ ಹಿಡಿಯೋದಿಲ್ಲ, ಆಪರೇಷನ್ ಬೇಕು. ಚರ್ಮ ಹರಿದು ಮೂಳೆ ಹೊರಗೆ ಬಂದಿದ್ದರೆ, ಬೆರಳುಗಳು ತಣ್ಣಗಾಗಿ ಕಪ್ಪಗಾಗಿದ್ದರೆ, ಅದನ್ನ ನರಳಿಸದೆ ಮುಗಿಸೋದೇ ದಯೆ. ನಮ್ಮದು ಕೆಳಗಿನ ಮೂಳೆ. ಚರ್ಮ ಹರಿದಿರಲಿಲ್ಲ, ಬೆರಳು ಬೆಚ್ಚಗಿದ್ದವು.

ಹಕ್ಕಿಯ ಮೂಳೆ ತೆಳು ಗೋಡೆಯ ಪೈಪಿನ ಹಾಗೆ. ಅಷ್ಟೇ ತೂಕದ ಗಟ್ಟಿ ಸರಳಿಗಿಂತ ಪೈಪ್ ಬಾಗುವಿಕೆಯನ್ನ ಹೆಚ್ಚು ತಡೆಯುತ್ತೆ, ಯಾಕಂದ್ರೆ ವಸ್ತುವೆಲ್ಲ ಮಧ್ಯದಿಂದ ದೂರ ಇರುತ್ತೆ. ಹಗುರವಾಗಿ ಗಟ್ಟಿಯಾಗಿರೋದಕ್ಕೆ ಇದು ಉಪಾಯ. ಆದರೆ ಮುರಿದಾಗ ಚೂರುಚೂರಾಗಿ ಸೀಳುತ್ತೆ. ಅದಕ್ಕೇ ಮುರಿದ ಕಾಲನ್ನ ಎಳೆದಾಡಬಾರದು, ಚೂಪು ತುದಿ ಒಳಗಿನಿಂದಲೇ ಚರ್ಮ ಕೊಯ್ಯುತ್ತೆ. ಸಮಾಧಾನದ ವಿಷಯ ಅಂದ್ರೆ ಮೂಳೆ ಕೂಡೋದು ನಮಗಿಂತ ಬೇಗ. ಸರಿಯಾಗಿ ಕೂರಿಸಿ ಅಲುಗಾಡದಂತೆ ಇಟ್ಟರೆ ಸುಮಾರು ಮೂರು ವಾರ.

ಇನ್ನೊಂದು ವಿಷಯ ಆವತ್ತೇ ಕಲಿತೆ. ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. "ಗಟ್ಟಿಯಾಗಿ ಹಿಡ್ಕೊಳ್ರೋ" ಅಂತ ಎದೆ ಅಮುಕಿ ಹಿಡಿದರೆ ಕೈಯಲ್ಲೇ ಸಾಯಬಹುದು. ಗೋಣಿಚೀಲದ ಮೇಲೆ ಮಲಗಿಸಿ, ತಲೆಗೆ ಬಟ್ಟೆ ಹೊದಿಸಿ, ರೆಕ್ಕೆಯನ್ನ ಮಾತ್ರ ಮೆತ್ತಗೆ ಹಿಡಿಯಬೇಕು.

ಇಷ್ಟೆಲ್ಲ ಹೇಳಿಕೊಟ್ಟಿದ್ದು ಶಿವಮೊಗ್ಗದ ಪರಿಚಯದ ಪಶುವೈದ್ಯರೊಬ್ಬರು, ವಿಡಿಯೋ ಕಾಲ್‌ನಲ್ಲಿ. ಅದಕ್ಕೂ ಮುಂಚೆ ಒಂದು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿದ್ವಿ. ಡಾಕ್ಟ್ರು ದನಗಳ ಲಸಿಕೆಗೆ ಹಳ್ಳಿ ಸುತ್ತೋಕೆ ಹೋಗಿದ್ದರು. ಇದ್ದವರು ರಟ್ಟಿನ ಡಬ್ಬದೊಳಗೆ ಇಣುಕಿ ನಕ್ಕರು. "ಕೋಳಿ ಕಾಲಿಗೆ ಯಾರಾದ್ರೂ ಬ್ಯಾಂಡೇಜ್ ಹಾಕ್ತಾರಾ ಸರ್?" ಅವರನ್ನ ಬೈಯೋದರಲ್ಲಿ ಅರ್ಥ ಇಲ್ಲ. ನಗು ಅವರದು ಮಾತ್ರ ಅಲ್ಲ, ವ್ಯವಸ್ಥೆಯದು.

ಸ್ವಲ್ಪ ಲೆಕ್ಕ ನೋಡಿ. 2019ರ 20ನೇ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ, ಬಾತು, ಟರ್ಕಿ ಇತ್ಯಾದಿ ಇವೆ. ಅದರಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. 2012ಕ್ಕೆ ಹೋಲಿಸಿದರೆ ಫಾರಂ ಕೋಳಿ ಹೆಚ್ಚಿದ್ದು ಶೇ. 4.5, ಹಿತ್ತಲಿನದು ಹೆಚ್ಚು ಕಡಿಮೆ ಶೇ. 46. ಅಂದ್ರೆ ಬೆಳೀತಾ ಇರೋದು ಕಂಪನಿ ಶೆಡ್ಡಿಗಿಂತ ಚಿಕ್ಕಮ್ಮನಂಥವರ ಹಿತ್ತಲು. ಜಮೀನಿಲ್ಲದವರು, ಹಸು ಕೊಳ್ಳೋಕೆ ಆಗದವರು, ಅದರಲ್ಲೂ ಹೆಂಗಸರು, ತಮ್ಮ ಹೆಸರಲ್ಲೇ ಇಟ್ಟುಕೊಳ್ಳಬಹುದಾದ ಆಸ್ತಿ ಇದು. ತುರ್ತು ಬಂದಾಗ ಗಂಡನ ಸಹಿ ಇಲ್ಲದೆ ಮಾರಬಹುದು.

ಆದರೆ ಅದೇ ಗಣತಿಯಲ್ಲಿ ಹಕ್ಕಿಗಳು "ಜಾನುವಾರು" ಮೊತ್ತಕ್ಕೆ ಸೇರೋದಿಲ್ಲ, ಅವಕ್ಕೆ ಬೇರೆ ಕಾಲಂ. ಇದು ಬರೀ ಗುಮಾಸ್ತರ ವಿಷಯ ಅಲ್ಲ. 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳನ್ನ ಕೇಂದ್ರದ ಯೋಜನೆ ಹಂಚಿರೋದು ಒಂದು ಲಕ್ಷ ಜಾನುವಾರಿಗೆ ಒಂದು ಅನ್ನೋ ಲೆಕ್ಕದಲ್ಲಿ. ಅದಕ್ಕೂ ಹಿಂದೆ, 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ 5000 ದನದ ಯೂನಿಟ್ಟಿಗೆ ಒಬ್ಬ ಪಶುವೈದ್ಯ ಬೇಕು ಅಂದಿತ್ತು. ಅಳತೆಗೋಲೇ ದನ. ದನಕ್ಕೆ ಡಾಕ್ಟ್ರು ಬೇಡ ಅಂತ ನಾನು ಹೇಳ್ತಿಲ್ಲ. ಹಾಲಿನ ಡೇರಿ ಇರೋ ಕಡೆ ಪಶುವೈದ್ಯ ಸೇವೆ ಬೆಳೆದಿದ್ದು ಸಹಜವೇ. ಆದರೆ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವ ಜಿಲ್ಲೆಯಲ್ಲೂ, ಹಕ್ಕಿ ಸಾಕುವ ಹೆಂಗಸಿಗೆ ಮೊದಲು ಸಿಗೋ ಸಲಹೆ ಸಾರಿಂದು.

ಈಗ ಪಟ್ಟಿ ವಿಷಯ. ಪಕ್ಕದ ಮನೆ ಅಜ್ಜ "ಪುತ್ತೂರು ಕಟ್ಟು ಕಟ್ಸು" ಅಂತ ಹಟ ಹಿಡಿದಿದ್ದರು. ನಾವು ಮಾಡಿದ್ದು ವೈರಿಂಗ್ ಪೈಪಿನ ಕಟ್ಟು. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನ ಉದ್ದಕ್ಕೆ ಸೀಳಿ ಅರ್ಧ ಮಾಡಿ, ಕುದಿಯೋ ನೀರಲ್ಲಿ ಮೆತ್ತಗೆ ಮಾಡಿ, ಒಳ್ಳೆ ಕಾಲಿನ ಕೀಲು ಎಷ್ಟು ಬಾಗಿರುತ್ತೋ ಅಷ್ಟೇ ಬಾಗಿಸಿ, ಪೂರ್ತಿ ಆರಿಸಿದ್ವಿ. ಅಂಚನ್ನ ಉಪ್ಪುಕಾಗದದಲ್ಲಿ ಉಜ್ಜಿದ್ವಿ. ನಿಯಮ ಒಂದೇ: ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು, ಎರಡೂ ಅಲುಗಾಡಬಾರದು. ಒಂದನ್ನ ಬಿಟ್ಟರೆ ಪಟ್ಟಿಯೇ ಸನ್ನೆಗೋಲಾಗಿ ಮೂಳೆಯನ್ನ ಇನ್ನಷ್ಟು ಮುರಿಯುತ್ತೆ. ಮೊದಲು ಹತ್ತಿ, ಅದರ ಮೇಲೆ ಪೈಪ್, ಮೇಲೆ ಕ್ರೇಪ್ ಬ್ಯಾಂಡೇಜ್. ಬೆರಳ ತುದಿ ಹೊರಗೆ ಕಾಣಲೇಬೇಕು, ಊದಿಕೊಂಡರೆ ತಣ್ಣಗಾದರೆ ತಕ್ಷಣ ಬಿಚ್ಚಬೇಕು. ಚಿಕ್ಕಮ್ಮ ದಿನಕ್ಕೆ ಮೂರು ಸಲ ಮುಟ್ಟಿ ನೋಡಿ ನನಗೆ ವಾಟ್ಸಾಪ್ ಫೋಟೋ ಕಳಿಸ್ತಿದ್ದರು. ಆ ತಿಂಗಳು ನನ್ನ ಫೋನ್ ಗ್ಯಾಲರಿ ತುಂಬ ಟರ್ಕಿ ಬೆರಳು.

ನೋವಿಗೆ ಮನೆಯಲ್ಲಿದ್ದ ಮಾತ್ರೆ ಕೊಡಲಾ ಅಂತ ಕೇಳಿದ್ದಕ್ಕೆ ಡಾಕ್ಟ್ರು ಬೈದರು. ಹಕ್ಕಿ ಮತ್ತು ನೋವಿನ ಮಾತ್ರೆಯ ಚರಿತ್ರೆ ಈ ದೇಶದಲ್ಲಿ ಭಯಂಕರವಾಗಿದೆ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್, ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಸುಟ್ಟು ಅವನ್ನ ಹೆಚ್ಚುಕಡಿಮೆ ನಿರ್ನಾಮ ಮಾಡಿತು. 2006ರಲ್ಲಿ ಪಶು ಬಳಕೆಗೆ ನಿಷೇಧ ಬಂತು, 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿ ಸೇರಿದವು. ರಣಹದ್ದಿಗೆ ಸುರಕ್ಷಿತ ಅಂತ ಗೊತ್ತಾದ ಮೆಲಾಕ್ಸಿಕಾಮನ್ನೇ ಡಾಕ್ಟ್ರು ನಮಗೂ ಬರೆದುಕೊಟ್ಟಿದ್ದು, ತೂಕ ಕೇಳಿ, ಅಳತೆ ಹೇಳಿ. ಹಾಗಾಗಿ ಅಳತೆಯನ್ನ ಇಲ್ಲಿ ಬರೆಯೋದಿಲ್ಲ.

ಉಳಿದಿದ್ದು ತಾಳ್ಮೆ. ಏಳು ಕೆಜಿ ಹತ್ತಿರದ ಹಕ್ಕಿ ಒಂದೇ ಕಾಲಿನ ಮೇಲೆ ಭಾರ ಹಾಕಿದರೆ ಆ ಒಳ್ಳೆ ಪಾದದಡಿ ಹುಣ್ಣಾಗುತ್ತೆ, ಕೂತೇ ಇದ್ದರೆ ಎದೆಮೂಳೆ ಮೇಲೆ ಗಾಯ. ಅದಕ್ಕೆ ದಪ್ಪಗೆ ಒಣ ಭತ್ತದ ಹುಲ್ಲು, ದಿನಾ ಬದಲಾವಣೆ. ಬೇರೆ ಹಕ್ಕಿಗಳು ಗಾಯ ಕುಕ್ಕುತ್ತವೆ, ಪೂರ್ತಿ ಒಂಟಿ ಮಾಡಿದರೆ ಟರ್ಕಿ ಮೇವು ಬಿಡುತ್ತೆ. ಹಾಗಾಗಿ ಜಾಲರಿ ಅಡ್ಡ ಇಟ್ಟು ಹೆಣ್ಣುಗಳು ಕಾಣೋ ಹಾಗೆ ಇಟ್ಟಿದ್ವಿ. ನಾಟಿ ಕೋಳಿಗಳನ್ನ ಮಾತ್ರ ದೂರ. ಅವು ತಮಗೇನೂ ಆಗದೆ ಹೊತ್ತು ತಿರುಗೋ ಒಂದು ಪರಾವಲಂಬಿ ಟರ್ಕಿಗಳನ್ನ ಕೊಲ್ಲಬಲ್ಲದು. ಮೇವಿನ ಜೊತೆ ಚಿಪ್ಪಿನ ಪುಡಿ, ಬೆಳಗಿನ ಬಿಸಿಲು.

ಮರಿಯ ಚಿಂತೆಯೂ ಕಡಿಮೆಯಾಯಿತು. ಟರ್ಕಿ ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನ ವಾರಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳುತ್ತೆ. ಗಂಡು ಹುಲ್ಲಿನ ಮೇಲೆ ಮಲಗಿದ್ದಾಗಲೇ ಇಟ್ಟ ಮೊಟ್ಟೆಗಳನ್ನ ಚಿಕ್ಕಮ್ಮ ಕಾವಿಗೆ ಕೂರಿಸಿದರು. 28 ದಿನ.

ವಾರಕ್ಕೊಮ್ಮೆ ಪಟ್ಟಿ ಬದಲಿಸಿ, 22ನೇ ದಿನ ಬಿಚ್ಚಿದ್ವಿ. ಮುರಿದ ಜಾಗದಲ್ಲಿ ಗಂಟಿನಂಥ ಉಬ್ಬು, ಗಟ್ಟಿಯಾಗಿತ್ತು. ಎರಡು ದಿನ ಕುಂಟಿತು, ಮೂರನೇ ದಿನ ಬಾಲ ಬಿಚ್ಚಿ ನನ್ನ ಬೈಕಿಗೇ ಜಗಳಕ್ಕೆ ಬಂತು. ಈಗಲೂ ಓಡುವಾಗ ಆ ಕಾಲು ಸ್ವಲ್ಪ ಹೊರಕ್ಕೆ ತಿರುಗುತ್ತೆ. ಚಿಕ್ಕಮ್ಮ ತಂತಿ ಬಲೆ ಕಿತ್ತು ಆ ಕಡೆಗೆ ತಗಡು ಹೊಡೆಸಿದ್ದಾರೆ, ಅದರ ಬಿಲ್ಲು ನನಗೆ ವಾಟ್ಸಾಪ್‌ನಲ್ಲಿ ಬಂದಿದೆ.